ಹರಿದದ್ದು ಸೀರೆಯಲ್ಲ, ನನ್ನ ಭುಜ

ಅರಿವಿ ಅಂಗಡಿಯ ಗಾದಿಯ ಮೇಲೆ ಕೂತವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಅದೇ ಒಳಗೆ ಬಂದು ಎದುರಿಗೆ ಕೂರುತ್ತದೆ. ಶಿಗ್ಗಾಂವದ ಪೇಟೆಯಲ್ಲಿ ನಾನೂ ನನ್ನ ತಮ್ಮನೂ ಕೂಡಿ ನಡೆಸುವ ಅಂಗಡಿಯಲ್ಲಿ ಇಂಥವು ಆಗುತ್ತಲೇ ಬಂದಿವೆ. ಆದರೆ ಹೋದ ವರ್ಷ ನನ್ನ ಬಲಭುಜದ ಒಳಗೊಂದು ಕಡೆ ಹರಿದು, ಅದನ್ನು ಹೊಲಿಸಿಕೊಂಡು, ಕೂಡುತ್ತದೋ ಇಲ್ಲವೋ ಎಂದು ಕಾದ ದಿನಗಳಲ್ಲಿ ಆದಷ್ಟು ಎಂದೂ ಆಗಿರಲಿಲ್ಲ. ಕೈ ಸುಮ್ಮನೆ ಕೂತಾಗ ಕಣ್ಣು ಕಿವಿ ಹೆಚ್ಚು ಕೆಲಸ ಮಾಡುತ್ತವೆಯೋ ಏನೋ.

ಅದರ ಮ್ಯಾಲಿಂದು

ಸೀರೆ ತೋರಿಸುವುದೆಂದರೆ ಮಡಿಕೆ ಬಿಚ್ಚಿ ಮುಂದಿಡುವುದಲ್ಲ. ಒಂದು ತುದಿ ಹಿಡಿದು, ಕೈಯನ್ನು ತಲೆಯ ಮೇಲಕ್ಕೆ ಎತ್ತಿ, ಬೀಸಿ ಹಾರಿಸಬೇಕು. ಸೀರೆ ಗಾಳಿಯಲ್ಲಿ ಒಮ್ಮೆ ಉಬ್ಬಿ, ಗಾದಿಯ ಉದ್ದಕ್ಕೂ ಹಾಸಿಕೊಂಡು, ಸೆರಗು ಹೋಗಿ ಗಿರಾಕಿಯ ಮೊಣಕಾಲಿಗೆ ತಾಗಿ ನಿಲ್ಲಬೇಕು. ಸೆರಗು ತಾಗಿತೆಂದರೆ ಅರ್ಧ ವ್ಯಾಪಾರ ಮುಗಿಯಿತು. ಈ ಕೆಲಸ ಅಪ್ಪನ ಕೈಯಿಂದ ನನ್ನ ಕೈಗೆ ಬಂತು, ತಮ್ಮನ ಕೈಗೆ ಬರಲಿಲ್ಲ. ಅವನು ಹಾರಿಸಿದರೆ ಸೀರೆ ಫ್ಯಾನಿಗೆ ಹೋಗುತ್ತದೆ.

ಬೇಸಿಗೆಯ ಲಗ್ನದ ಸೀಜನ್ನಿನಲ್ಲಿ ಹತ್ತಿಮತ್ತೂರಿನ ಒಬ್ಬ ಹೆಣ್ಣುಮಗಳು ಮಗಳ ಲಗ್ನದ ಸೀರೆಗೆ ಬಂದರು. ಗಾದಿಯ ಮೇಲೆ ಸೀರೆಗಳ ಗುಡ್ಡ ಬಿದ್ದಿತ್ತು. ಅವರ ಕಣ್ಣು ಮಾತ್ರ ಕಪಾಟಿನಲ್ಲಿತ್ತು.

"ಅದನ್ನ ತಗೀರಿ ಅಣ್ಣಾರ."

"ಇದನೇನ್ರಿ?"

"ಅದರ ಮ್ಯಾಲಿಂದು."

"ಇದು?"

"ಅದರ ಮ್ಯಾಲಿಂದು."

"ಅದರ ಮ್ಯಾಲ ಜಂತಿ ಐತ್ರಿ ಯಕ್ಕಾ."

"ಜಂತಿಗೆ ಹತ್ತಿದ್ದೈತಲ್ಲ, ಅದ."

ಎಲ್ಲಕ್ಕೂ ಮೇಲಿನ ಹಲಗೆ. ತುದಿಗಾಲಲ್ಲಿ ನಿಂತು ಎಳೆದೆ, ಆ ಸಿಟ್ಟಿನಲ್ಲೇ ಬೀಸಿದೆ. ಭುಜದೊಳಗೆ ಟರ್ ಅಂದಿತು. ಸಪ್ಪಳ ಅವರಿಗೂ ಕೇಳಿರಬೇಕು. ನಾನು ಕೈ ಹಿಡಿದುಕೊಂಡು ಗಾದಿಯ ಮೇಲೆ ಕುಸಿದರೆ, ಅವರು ಸೀರೆಯ ಅಂಚನ್ನು ಬೆಳಕಿಗೆ ಹಿಡಿದು ಗೇಣುಗೇಣು ನೋಡತೊಡಗಿದರು.

"ಹರದಿದ್ದು ನಾ ಒಯ್ಯಂಗಿಲ್ರಿ. ಬ್ಯಾರೇದು ತೋರಸ್ರಿ."

"ಸೀರಿ ಹರದಿಲ್ರಿ ಯಕ್ಕಾ," ಅಂದೆ ಹಲ್ಲು ಕಚ್ಚಿ. "ನನ್ನ ಭುಜ ಹರದೈತಿ."

"ಹೌದಾ?" ಅಂದರು. ಮುಖದಲ್ಲಿ ಸಮಾಧಾನ ಬಂತು. "ಹಂಗಾರ ಇದನ್ನ ಕಟ್ರಿ."

ದಾರ ನಂದು, ಅರಿವಿ ನಿಮ್ಮದು

ಎಣ್ಣೆ ತಿಕ್ಕಿದೆ, ಉಪ್ಪಿನ ಗಂಟು ಕಾಯಿಸಿ ಇಟ್ಟೆ. ಕೈ ಎದೆಯ ಮಟ್ಟ ದಾಟಲಿಲ್ಲ. ಕೊನೆಗೆ ತಮ್ಮನನ್ನು ಕರೆದುಕೊಂಡು ಹುಬ್ಬಳ್ಳಿಯ ಎಲುಬಿನ ಡಾಕ್ಟರರ ಕಡೆ ಹೋದೆ. ಅವರು ಸ್ಕ್ಯಾನಿಂಗಿನ ಚಿತ್ರವನ್ನು ಬೆಳಕಿಗೆ ಹಿಡಿದರು.

"ನೀವು ನರ ಹರದೈತಿ ಅಂತೀರಲ್ಲ, ಅದು ನರ ಅಲ್ರಿ. ಮಾಂಸಖಂಡಾನ ಭುಜದ ಎಲುಬಿಗೆ ಹಿಡದಿಡೂ ಪಟ್ಟಿ. ಎಲುಬಿನಿಂದ ಕಿತ್ತು ಬಂದೈತಿ. ಎಳದು ತಂದು ವಾಪಸ್ ಎಲುಬಿಗೆ ಹೊಲೀಬೇಕು."

ಹೊಲಿಗೆ ಎಂಬ ಮಾತು ಕೇಳಿದ ಕೂಡಲೇ ನನಗೆ ಧೈರ್ಯ ಬಂತು. ಅದು ನಮ್ಮ ಕಡೆಯ ವಿಷಯ.

"ದಾರ ಯಾವ್ದ್ರಿ? ನೂಲಿಂದೋ, ನೈಲಾನೋ?"

"ನೈಲಾನಿಗಿಂತ ಗಟ್ಟೀದು."

"ಎಲುಬಿನ್ಯಾಗ ಸೂಜಿ ಹ್ಯಾಂಗ ಹೋಗತೈತ್ರಿ?"

"ಎಲುಬಿನ್ಯಾಗ ಸಣ್ಣ ಮೊಳಿಯಂಥಾದ್ದು ಕೂಡಸ್ತೀವಿ. ದಾರ ಅದಕ್ಕ ಕಟ್ಟಿರ್ತದ."

"ಗುಂಡಿ ಹಚ್ಚಿದಂಗ."

"ಹಂಗ ಅನಕೋರಿ."

"ಹೊಲದ್ರ ಮುಗೀತಲ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೊಲದ ಮ್ಯಾಲ ಶುರು ಆಗ್ತದ. ದಾರ ಬರೇ ಹಿಡಕೊಂಡು ಕುಂದರ್ತದ. ಪಟ್ಟಿ ಎಲುಬಿಗೆ ಕೂಡೂದು ನಿಮ್ಮ ಮೈ ಮಾಡೂ ಕೆಲಸ, ಅದಕ್ಕ ತಿಂಗಳುಗಟ್ಟಲೆ ಬೇಕು. ನಡುವ ನೀವು ಕೈ ಜಗ್ಗಿದ್ರ ದಾರ ಹರಿಯಂಗಿಲ್ಲ, ದಾರದ ಸುತ್ತಲಿನ ಪಟ್ಟೀನ ಹರೀತದ. ತಂಬಾಕ ತಿಂದ್ರ ಅಲ್ಲಿಗೆ ರಕ್ತ ಕಡಿಮಿ ಹೋಗ್ತದ, ಕೂಡೂದು ತಡ ಆಗ್ತದ. ಸಕ್ಕರಿ ಏರಿದ್ರೂ ಅದ ಕಥಿ."

"ಕೂಡಿದ್ರ?"

"ಕೈ ತಲಿ ಮ್ಯಾಲ ಹೋಗ್ತದ."

"ಕೂಡಲಿಲ್ಲಂದ್ರ?"

"ಊಟಕ್ಕ ಬರ್ತದ. ಸೀರಿ ಹಾರಸಾಕ ಬರಂಗಿಲ್ಲ."

ಕಡೆಯ ಪ್ರಶ್ನೆ ಕೇಳದೆ ಏಳುವುದು ನನ್ನ ಜಾಯಮಾನವಲ್ಲ. "ಗ್ಯಾರಂಟಿ ಏನ್ರಿ ಸಾಹೇಬ್ರ?"

"ದಾರ ನಂದು, ಅರಿವಿ ನಿಮ್ಮದು," ಅಂದರು ಡಾಕ್ಟರು, ನಗದೆ. "ದಾರಕ್ಕ ಗ್ಯಾರಂಟಿ ಕೊಡ್ತೇನಿ. ಅರಿವಿ ಹಳೇದೈತಿ."

ಹೊಲಿಗೆ ಬಿಚ್ಚಿದ ಅಂಗಿ ಹಿಡಿದು ಜಗಳಕ್ಕೆ ಬಂದ ಗಿರಾಕಿಗಳಿಗೆ ನಾನು ಇಷ್ಟು ವರ್ಷ ಹೇಳುತ್ತ ಬಂದ ಮಾತೇ ಇದು, ತಿರುವಿ ಹಾಕಿದ್ದು ಅಷ್ಟೇ. ಅರಿವಿ ನಂದು, ದಾರ ದರ್ಜಿಯದು, ಅಲ್ಲಿ ಹೋಗಿ ಕೇಳ್ರಿ. ಈ ಮನುಷ್ಯ ಡಾಕ್ಟರಾಗಿ ಹುಬ್ಬಳ್ಳಿಯಲ್ಲೇ ಉಳಿದದ್ದು ನನ್ನ ಪುಣ್ಯ. ನಮ್ಮ ಬಾಜೂಕ ಅಂಗಡಿ ತೆರೆದಿದ್ದರೆ ನಾನು ಬಾಗಿಲು ಹಾಕಬೇಕಾಗುತ್ತಿತ್ತು.

ಗಾದಿಯೋ ಕೌಂಟರೋ

ವಾಪಸು ಬರುವ ದಾರಿಯಲ್ಲೇ ತಮ್ಮ ಮಾತು ತೆಗೆದ. ಗಾದಿ ತೆಗೆದು ಗಾಜಿನ ಕೌಂಟರು ಹಾಕಬೇಕು, ಸೀರೆಗಳನ್ನು ಹ್ಯಾಂಗರಿಗೆ ತೂಗುಹಾಕಬೇಕು ಎಂಬುದು ಅವನ ಹಳೆಯ ಆಸೆ.

"ಅಣ್ಣಾ, ಹ್ಯಾಂಗರಿಗೆ ಹಾಕಿದ್ರ ಹಾರಸೂ ಕೆಲಸನ ಇಲ್ಲ. ಬರ್ತಾರ, ನೋಡ್ತಾರ, ಒಯ್ತಾರ."

"ತೂಗಹಾಕಾಕ ಅದೇನು ಒಣಗಾಕ ಹಾಕಿದ ಅರಿವೀನಾ?"

"ಹಂಗಾರ ಮುಂದಿನ ಲಗ್ನದ ಸೀಜನ್ ಶುರು ಆಗೂದ್ರಾಗ ನಿನ್ನ ಕೈ ಮ್ಯಾಲಿನ ಹಲಗಿಗೆ ಮುಟ್ಟಬೇಕು. ಮುಟ್ಟಲಿಲ್ಲಂದ್ರ ಗಾದಿ ತಗೀತೇನಿ."

ಒಪ್ಪಿದೆ. ಒಪ್ಪದೆ ಉಪಾಯವಿರಲಿಲ್ಲ, ಕಾರು ಅವನು ಓಡಿಸುತ್ತಿದ್ದ.

ದಿನಾ ಓಡಾಡೂ ಮನುಷ್ಯಾ

ಆಪರೇಷನ್ ಆಯಿತು. ಕೈಯನ್ನು ಒಂದು ಜೋಳಿಗೆಯಲ್ಲಿ ಕೂಡಿಸಿ, ಕೈಗೂ ಪಕ್ಕೆಗೂ ನಡುವೆ ಸಣ್ಣ ದಿಂಬೊಂದನ್ನು ಇಟ್ಟು, ಸೊಂಟಕ್ಕೆ ಪಟ್ಟಿ ಬಿಗಿದು ಕಳಿಸಿದರು. ಮಲಗುವಾಗಲೂ ತೆಗೆಯಬಾರದು. ನಾನು ಅರಿವಿಯ ಗಂಟುಗಳಿಗೆ ಒರಗಿ ಕೂತೇ ನಿದ್ದೆ ಮಾಡುವುದನ್ನು ಕಲಿತೆ.

ಚರ್ಮದ ಮೇಲಿನ ಹೊಲಿಗೆ ಬಿಚ್ಚಿಸಿಕೊಂಡು ಬರುವ ದಿನ ನಮ್ಮ ಕಾರು ಮಾಲು ತರಲು ಹೋಗಿತ್ತು. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿದೆವು. ಹೆಂಡತಿಗೆ ಮುಂದೆ ಹೆಂಗಸರ ಸೀಟು, ನನಗೆ ಹಿಂದೆ ಕಿಟಕಿಯ ಪಕ್ಕ. ನನ್ನ ಬಲಕ್ಕೆ ಕೂತ ಮನುಷ್ಯ ಊರು ದಾಟುವುದರೊಳಗೆ ತೂಕಡಿಸಿದ. ಅವನ ತಲೆ ಮೆಲ್ಲಗೆ ಜಾರಿ ಜಾರಿ, ತನ್ನ ಜಾಗವನ್ನು ತಾನೇ ಹುಡುಕಿಕೊಂಡು, ನನ್ನ ದಿಂಬಿನ ತುದಿಗೆ ಬಂದು ನಿಂತಿತು. ಬಲಗೈಯಿಂದ ದೂಡುವಂತಿಲ್ಲ. ಎಡಗೈ ತರಬೇಕಾದರೆ ಮೈ ತಿರುಗಬೇಕು. ಒಂದೊಂದು ತಗ್ಗಿಗೂ ಒಳಗಿನ ದಾರವನ್ನು ನೆನೆಯುತ್ತ ಕಲ್ಲಿನ ಹಾಗೆ ಕೂತೆ.

ಹೆಂಡತಿ ಮುಂದಿನಿಂದ ಹೊರಳಿ ನೋಡಿದಳು. "ಯಾಕ್ರಿ, ಆ ಮನುಷ್ಯಾ ಯಾರು?"

"ಗೊತ್ತಿಲ್ಲ."

"ಗೊತ್ತಿಲ್ಲದಾವರನ್ನ ತೊಡಿಮ್ಯಾಲ ಹಾಕ್ಕೊಂಡು ಕುಂತೀರಲ್ಲ."

ನಡುವಿನ ತಡಸ ಊರೂ ದಾಟಿತು. ಶಿಗ್ಗಾಂವದಲ್ಲಿ ಬಸ್ಸು ನಿಂತಾಗ ಅವನು ಎದ್ದ, ಬಾಯಿ ಒರೆಸಿಕೊಂಡ, ದಿಂಬನ್ನು ಎರಡು ಸಲ ಒತ್ತಿ ನೋಡಿದ.

"ಸಾವ್ಕಾರ್ರ, ಇದು ಎಲ್ಲಿ ಸಿಗತೈತ್ರಿ? ನಾ ದಿನಾ ಹುಬ್ಬಳ್ಳಿಗೆ ಓಡಾಡೂ ಮನುಷ್ಯಾ."

"ಇದು ಹಂಗ ಸಿಗಂಗಿಲ್ಲಪಾ. ಮೊದಲ ಭುಜ ಹರಕೋಬೇಕು."

ಅವನು ದಿಂಬನ್ನು ಇನ್ನೊಮ್ಮೆ ಒತ್ತಿದ.

"ಒಂದು ಭುಜಾ ಸಾಕೇನ್ರಿ?"

ಇಬ್ಬರು ಬೀಗರು

ನನಗೆ ಇಬ್ಬರು ಬೀಗರು. ಸೊಸೆಯ ತಂದೆ ಹಾನಗಲ್ಲಿನವರು, ಮಾವಿನ ತೋಟವಿದೆ, ತಾವೇ ಕಸಿ ಕಟ್ಟುತ್ತಾರೆ. ಮಗಳ ಮಾವ ಹಿರೇಕೆರೂರಿನವರು, ಹರೆಯದಲ್ಲಿ ಗರಡಿಮನೆಯಲ್ಲಿ ಕುಸ್ತಿ ಮಾಡಿದವರು. ಇಬ್ಬರೂ ಒಂದೇ ದಿನ ನನ್ನನ್ನು ಮಾತಾಡಿಸಲು ಬಂದರು.

ಹಿರೇಕೆರೂರಿನವರು ಎಣ್ಣೆಯ ಬಾಟಲಿಯನ್ನೇ ತಂದಿದ್ದರು. "ಪಟ್ಟಿ ಬಿಚ್ರಿ ಬೀಗರ. ಸುಮ್ಮ ಕಟ್ಟಿ ಕುಂದ್ರಿಸಿದ್ರ ಭುಜ ಸೆಟದು ಕಟ್ಟಿಗಿ ಆಗತೈತಿ. ನಾ ತಿಕ್ಕಿ ತಿರುವಿ ಹಾಕ್ತೇನಿ, ನಾಳೆ ಲಾಡಿ ತಾವ ಕಟ್ಟಿಕೊಳ್ತೀರಿ."

"ಮುಟ್ಟಬ್ಯಾಡ್ರಿ," ಅಂದರು ಹಾನಗಲ್ಲಿನವರು. "ಕಸಿ ಕಟ್ಟಿದ ಟೊಂಗಿ ಹತ್ತೇತೋ ಇಲ್ಲೋ ಅಂತ ದಿನಾ ಅಳ್ಳಾಡಿಸಿ ನೋಡಿದ್ರ ಹತ್ತತೈತೇನ್ರಿ? ಕಟ್ಟಿದ್ದು ಕಟ್ಟಿದಂಗ ಬಿಡಬೇಕು. ಎರಡೂ ಒಂದಾದ ಮ್ಯಾಲ ಅದಽ ಚಿಗರತೈತಿ."

"ಬೀಗರ ಕೈ ಏನು ಮಾವಿನ ಗಿಡಾ?"

"ಮತ್ತೇನು ಕುಸ್ತಿ ಕಣಾ?"

ಚಹಾ ಆರಿ ತಣ್ಣಗಾಯಿತು. ನನಗೂ ಯಾರದು ಖರೆ ಎಂದು ತಿಳಿದುಕೊಳ್ಳುವ ಆಸೆ. ನಮ್ಮೂರಲ್ಲೇ ಒಬ್ಬ ಫಿಜಿಯೋಥೆರಪಿ ಮೇಡಂ ಇದ್ದಾರೆ, ನನಗೆ ವ್ಯಾಯಾಮ ಹೇಳಿಕೊಡುವವರು ಅವರೇ. ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಮಾಡಿದೆ.

"ಇಬ್ಬರದೂ ಖರೆ ಐತ್ರಿ," ಅಂದರು ಮೇಡಂ. "ಮೊದಲ ಅಳ್ಳಾಡಿಸಬಾರದು, ಕಿತ್ತುಬರ್ತದ. ಆಮ್ಯಾಲ ಅಳ್ಳಾಡಿಸದ ಬಿಡಬಾರದು, ಬಿಗೀತದ. ಯಾವಾಗ ಏನು ಅಂತ ನಾ ಹೇಳ್ತೇನಿ. ಎಣ್ಣಿ ಮಾತ್ರ ಅಡಿಗಿಗೆ ಬಳಸ್ರಿ."

ನ್ಯಾಯ ಮುಗಿಯಿತು ಎಂದುಕೊಂಡೆ. ತಪ್ಪು ಎಂದಿದ್ದರೆ ಒಬ್ಬರೇ ಸಿಟ್ಟಾಗುತ್ತಿದ್ದರು. ಇಬ್ಬರದೂ ಖರೆ ಎಂದದ್ದಕ್ಕೆ ಇಬ್ಬರೂ ಊಟ ಮಾಡದೆ ಎದ್ದರು.

ಸವಣೂರಿನ ಎಲೆ

ಎಲೆ ಅಡಿಕೆಯ ಜೊತೆ ತಂಬಾಕು ಹಾಕುವುದು ನನ್ನ ಹಳೆಯ ಚಟ. ಡಾಕ್ಟರು ಬಿಡಿಸಿದರು. ಮನೆಯಲ್ಲಿ ಹೆಂಡತಿ ಕಾವಲು, ಅಂಗಡಿಯಲ್ಲಿ ತಮ್ಮ ಕಾವಲು. ಸವಣೂರಿನಲ್ಲಿ ಪರಿಚಯದ ವ್ಯಾಪಾರಿಯೊಬ್ಬರ ಹೊಸ ಮನೆಯ ಪೂಜೆ ಬಂತು. ಒಬ್ಬನೇ ಹೋದೆ. ಸವಣೂರಿಗೆ ಹೋಗಿ ಅಲ್ಲಿನ ಎಲೆ ತಿನ್ನದೆ ಬರುವುದು ಹೇಗೆ, ಎಲೆಯನ್ನು ಬರೀ ತಿನ್ನುವುದು ಹೇಗೆ?

ಬಸ್‌ಸ್ಟ್ಯಾಂಡಿನ ಹತ್ತಿರದ ಪಾನ್ ಅಂಗಡಿಯವನು ನನ್ನನ್ನು ನೋಡಿದ, ಜೋಳಿಗೆ ನೋಡಿದ. "ಎಲಿ ಕೊಡ್ತೇನ್ರಿ ಸಾವ್ಕಾರ್ರ. ತಂಬಾಕ ಕೊಡಂಗಿಲ್ಲ."

"ಯಾಕ?"

"ಕೈಗೆ ಜೋಳಿಗಿ ಹಾಕ್ಕೊಂಡು ಒಬ್ಬರು ಬರ್ತಾರ, ತಂಬಾಕ ಕೊಟ್ರ ಭುಜ ಕೂಡಂಗಿಲ್ಲ ಅಂತ ಫೋನ್ ಬಂದೈತ್ರಿ."

ಮುಂದಿನ ಅಂಗಡಿಯಲ್ಲೂ ಅದೇ ಮಾತು. ಮೂರನೆಯವನು ದೂರದಿಂದಲೇ ತಲೆ ಅಲ್ಲಾಡಿಸಿದ. ಕೊನೆಗೆ ಮರದ ಕೆಳಗೆ ಕೂತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ ಒಬ್ಬ ಮುದುಕನ ಹತ್ತಿರ ಹೋಗಿ, ಚೂರು ಕೊಡಪ್ಪ ಎಂದೆ. ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಶಿಗ್ಗಾಂವದ ಅರಿವಿ ಅಂಗಡಿಯವರಲ್ರಿ ನೀವು?"

ಇಷ್ಟು ವರ್ಷ ಗೋಡೆಗಳಿಗೆ ಬರೆಸಿದೆ, ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದೆ. ನನ್ನ ಅಂಗಡಿಯ ಹೆಸರು ಸವಣೂರಿನ ಮರದ ಕೆಳಗಿನ ತನಕ ಮುಟ್ಟಿರಲಿಲ್ಲ. ಮುಂದಿನ ಜಾಹೀರಾತಿನ ಕೆಲಸ ಹೆಂಡತಿಗೇ ಕೊಡಬೇಕು ಎಂದುಕೊಂಡು, ಬರೀ ಎಲೆ ಅಗಿಯುತ್ತ ಬಸ್ಸು ಹತ್ತಿದೆ.

ಕಪಾಟು ಹತ್ತುವ ಬೆರಳು

ಜೋಳಿಗೆ ಬಿಚ್ಚಿದ ಮೇಲೆ ಮೇಡಂ ಹೊಸ ಕೆಲಸ ಕೊಟ್ಟರು. ಗೋಡೆಯ ಎದುರು ನಿಂತು, ಬೆರಳುಗಳನ್ನು ಜೇಡನ ಹಾಗೆ ಮೇಲೆ ಮೇಲೆ ನಡೆಸಬೇಕು. ನೋವು ಬರುವ ಕಡೆ ನಿಲ್ಲಬೇಕು. ಗೋಡೆ ಎಲ್ಲಿಂದ ತರಲಿ, ಅಂಗಡಿಯಲ್ಲಿ ಎಲ್ಲ ಕಡೆ ಕಪಾಟು. ಅದರ ಮೇಲೆಯೇ ಶುರುಮಾಡಿದೆ. ಕೆಳಗೆ ಟವೆಲ್, ಅದರ ಮೇಲೆ ಲುಂಗಿ, ಆಮೇಲೆ ಧೋತರ, ಆಮೇಲೆ ಅಂಗಿಯ ಅರಿವಿ, ಎಲ್ಲಕ್ಕೂ ಮೇಲೆ ಲಗ್ನದ ಸೀರೆ. ಕೈ ಯಾವ ಮಟ್ಟಕ್ಕೆ ಬಂತು ಎಂದು ಯಾರಾದರೂ ಕೇಳಿದರೆ "ಲುಂಗಿ ಮುಟ್ಟೇತ್ರಿ" ಎನ್ನುತ್ತಿದ್ದೆ.

ಬೆರಳು ಅಂಗಿಯ ಅರಿವಿಗೆ ಬಂದು ನಿಂತ ದಿನಗಳವು. ಅಲ್ಲೊಂದು ಬದನೆಕಾಯಿ ಬಣ್ಣದ ಅರಿವಿ, ಎಷ್ಟು ಸೀಜನ್ ಕಳೆದರೂ ಯಾರೂ ಕೇಳದ್ದು. ಹುಲಗೂರಿನ ಒಬ್ಬ ಗಿರಾಕಿ ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದ. ನನ್ನ ಬೆರಳು ಮೆಲ್ಲಗೆ ಹೋಗಿ ಆ ಅರಿವಿಯನ್ನು ಮುಟ್ಟಿ, ಸ್ವಲ್ಪ ಹೊತ್ತು ಅಲ್ಲೇ ನಿಂತು, ಹಗುರಾಗಿ ಇಳಿದು ಬರುವುದನ್ನು ಕಂಡ.

"ಅದರಾಗ ಏನೈತ್ರಿ ಸಾವ್ಕಾರ್ರ?"

"ಏನಿಲ್ಲೋ ತಮ್ಮಾ. ನನ್ನ ಕೈ ಅಲ್ಲೀಮಟಾ ಬರತೈತಿ, ಅಷ್ಟ."

"ಕೂಸಿನ ಗಲ್ಲ ಮುಟ್ಟಿದಂಗ ಮುಟ್ಟಾಕತ್ತೀರಿ. ಯಾರಿಗರೆ ಎತ್ತಿಟ್ಟೀರೇನು?"

"ಇಲ್ಲಪಾ."

"ಹಂಗಾರ ಪೂರಾ ನನಗ ಕೊಡ್ರಿ."

ಅಣ್ಣತಮ್ಮಂದಿರಿಗೆಲ್ಲ ಅಂಗಿ ಹೊಲಿಸುತ್ತೇನೆ ಎಂದು ಇಡೀ ಸುತ್ತನ್ನೇ ಒಯ್ದ. ಮರುದಿನದಿಂದ ತಮ್ಮ ಹೋಗದ ಮಾಲನ್ನೆಲ್ಲ ಗೋದಾಮಿನಿಂದ ತಂದು ನನ್ನ ಬೆರಳು ನಿಲ್ಲುವ ಕಡೆ ಇಡತೊಡಗಿದ. ಎಲ್ಲವೂ ಹೋದವು.

ಮೇಡಂ ಬಂದು ನೋಡಿ ಹುಬ್ಬು ಗಂಟಿಕ್ಕಿದರು. "ಎರಡು ವಾರ ಆತು, ಕೈ ಅಲ್ಲೇ ನಿಂತೈತಲ್ರಿ. ಯಾಕ ಮ್ಯಾಲ ಹೋಗವಲ್ದು?"

"ಇನ್ನೂ ಸ್ವಲ್ಪ ಸ್ಟಾಕ್ ಉಳದೈತ್ರಿ," ಅಂದೆ.

ಮೇಲಿನ ಹಲಗೆ

ಲಗ್ನದ ಸೀಜನ್ ಬಂದೇ ಬಂತು. ಕೈ ತಲೆಯ ಮೇಲೆ ಹೋಗುತ್ತಿತ್ತು, ಆದರೆ ಕಡೆಯ ಹಲಗೆಗೆ ಒಂದು ಗೇಣು ಉಳಿದಿತ್ತು. ಬೀಸಿ ಹಾರಿಸಬಹುದು ಎಂದು ಹುಬ್ಬಳ್ಳಿಯ ಡಾಕ್ಟರು ಆಗಲೇ ಹೇಳಿದ್ದರು. ಧೈರ್ಯವಾಗಿರಲಿಲ್ಲ. ತಮ್ಮ ಕರಾರು ಮರೆಯುವವನಲ್ಲ. ಒಂದು ದಿನ ಬಡಿಗನನ್ನು ಕರೆದುಕೊಂಡೇ ಬಂದ.

ಬಡಿಗ ಗಾದಿಯ ಉದ್ದಗಲ ಅಳೆದ. ಕೌಂಟರು ಎಲ್ಲಿ ಬರಬೇಕು ಎಂದು ಗುರುತಿಗೆ ಗಾದಿಯ ಕೆಳಗಿನ ಕಟ್ಟಿಗೆಯ ಅಂಚಿಗೆ ಒಂದು ಮೊಳೆ ಹೊಡೆದ. ಪ್ರತಿ ಪೆಟ್ಟೂ ನನ್ನ ಭುಜಕ್ಕೇ ಬಿದ್ದ ಹಾಗಾಯಿತು. ಒಳಗಿನ ಬಾಗಿಲಲ್ಲಿ ಹೆಂಡತಿ ಚಹಾ ಹಿಡಿದು ನಿಂತಿದ್ದಳು.

ಅದೇ ಹೊತ್ತಿಗೆ ಹತ್ತಿಮತ್ತೂರಿನ ಆ ಹೆಣ್ಣುಮಗಳು ಬಂದರು. ಲಗ್ನವಾದ ಮಗಳು ಈಗ ಬಸುರಿ, ಕುಬಸ ಮಾಡಬೇಕು, ಹಸಿರು ಸೀರೆ ಬೇಕು. ಬಡಿಗನ ಟೇಪನ್ನು ಕಾಲಿಂದ ಆಚೆ ಸರಿಸಿ ಗಾದಿಯ ಮೇಲೆ ಕೂತರು. ಕೈ ಹ್ಯಾಂಗೈತಿ ಎಂದು ಕೇಳಲಿಲ್ಲ. ಕಪಾಟನ್ನೊಮ್ಮೆ ನೋಡಿದರು.

"ಅದನ್ನ ತಗೀರಿ ಅಣ್ಣಾರ."

"ಇದನೇನ್ರಿ?"

"ಅದರ ಮ್ಯಾಲಿಂದು."

ತಮ್ಮ ಎದ್ದ. "ಅಣ್ಣಾ, ನಾ ತಗೀತೇನಿ."

"ನೀ ಕುಂದರು," ಅಂದೆ.

ಬೆರಳುಗಳನ್ನು ಅಭ್ಯಾಸದ ಹಾಗೆ ನಡೆಸಿದೆ. ಟವೆಲ್ ದಾಟಿತು, ಲುಂಗಿ ದಾಟಿತು, ಧೋತರ, ಅಂಗಿಯ ಅರಿವಿ. ಕಡೆಯ ಗೇಣಿಗೆ ಭುಜ ಬಿಗಿಯಿತು. ಮೆಲ್ಲಗೆ ಉಸಿರು ಬಿಟ್ಟೆ, ತುದಿಗಾಲಲ್ಲಿ ನಿಂತೆ. ಕೈಗೆ ಹಲಗೆಯ ಧೂಳು ತಾಗಿತು. ಸೀರೆಯನ್ನು ಎಳೆದೆ, ತುದಿ ಹಿಡಿದೆ, ತಲೆಯ ಮೇಲೆ ಎತ್ತಿ ಬೀಸಿದೆ. ಹಸಿರು ಸೀರೆ ಉಬ್ಬಿ, ಗಾದಿಯ ಉದ್ದಕ್ಕೂ ಹಾಸಿಕೊಂಡು, ಸೆರಗು ಹೋಗಿ ಅವರ ಮೊಣಕಾಲಿಗೆ ತಾಗಿ ನಿಂತಿತು.

ಆಮೇಲೆ ಟರ್ ಅಂದಿತು.

ತಮ್ಮ ಹಾರಿ ಬಂದು ನನ್ನ ಭುಜವನ್ನು ಎರಡೂ ಕೈಯಿಂದ ಹಿಡಿದ. ಹೆಂಡತಿಯ ಕೈಯಿಂದ ಚಹಾ ಬಿತ್ತು. "ಕುಂದರ್ರಿ, ಕುಂದರ್ರಿ," ಎಂದು ಬಡಿಗನೂ ಓಡಿ ಬಂದ. ನಾನು ಕೈಯನ್ನು ಮೆಲ್ಲಗೆ ಮೇಲೆ ಒಯ್ದೆ, ಕೆಳಗೆ ತಂದೆ. ನೋವಿಲ್ಲ. ಇನ್ನೊಮ್ಮೆ ಒಯ್ದೆ. ಇಲ್ಲ. ಆಗ ಎಲ್ಲರೂ ಸೀರೆಯ ಕಡೆ ನೋಡಿದರು. ಅಂಚು ಬಡಿಗನ ಮೊಳೆಗೆ ಸಿಕ್ಕು ಒಂದು ಬೆರಳಿನಷ್ಟು ಹರಿದಿತ್ತು.

"ಸೀರಿ ಹರದೈತಿ," ಅಂದೆ. ಅಷ್ಟು ಸಂತೋಷದಿಂದ ಆ ಮಾತನ್ನು ಯಾವ ಅರಿವಿ ವ್ಯಾಪಾರಿಯೂ ಆಡಿರಲಾರ. ತಮ್ಮ ಬಡಿಗನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಮೊಳೆ ಕಿತ್ತ. ಗಾದಿ ಉಳಿಯಿತು.

ಹತ್ತಿಮತ್ತೂರಿನವರು ಸೀರೆಯನ್ನು ಕೈಗೆ ತೆಗೆದುಕೊಂಡರು. "ಮಗಳಿಗೆ ಬ್ಯಾರೆ ಹಸರು ಸೀರಿ ಕೊಡ್ರಿ. ಇದನ್ನ ನನಗ ಅರ್ಧಕ್ಕ ಕಟ್ರಿ."

"ಅರ್ಧಕ್ಕ ಹ್ಯಾಂಗ ಆಗತೈತ್ರಿ ಯಕ್ಕಾ? ಇಷ್ಟಽ ಹರದೈತಿ. ಹೊಲದ್ರ ಕಾಣಂಗಿಲ್ಲ."

"ಹೊಲದಿದ್ದಕ್ಕ ಗ್ಯಾರಂಟಿ ಏನ್ರಿ?"

ನಾನು ಬಲಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದೆ. "ಇಲ್ಲಿ ನೋಡ್ರಿ. ಹರದಿತ್ತು. ಹೊಲಿಸಿನಿ. ಮೊದಲಿಗಿಂತ ಗಟ್ಟಿ ಐತಿ. ಇದಕ್ಕಿಂತ ಗ್ಯಾರಂಟಿ ಬೇಕೇನ್ರಿ?"

ಅವರು ನನ್ನ ಕೈಯನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. ಆಮೇಲೆ ಸೀರೆಯನ್ನು ಮಡಚಿ ನನ್ನ ಮುಂದಿಟ್ಟರು.

"ಹಂಗಾರ ಇದನ್ನೂ ಆ ಡಾಕ್ಟರ್ ಕಡೇನ ಹೊಲಿಸಿ ಕೊಡ್ರಿ. ನಾ ಇಲ್ಲೇ ಕುಂತಿರ್ತೇನಿ."